ರೇಸ್ ಸೈಕಲ್ಲಿನ ಕೆಳಗಿನ ಪೈಪು

ನಾರಾಯಣಪೇಟೆಯ ನಮ್ಮ ಮನೆಯಲ್ಲಿ ಅಪ್ಪನೂ ಶಿವಕಾಕಾನೂ ಪರಸ್ಪರ ಮಾತಾಡುತ್ತಿರಲಿಲ್ಲ. ಅಣ್ಣತಮ್ಮಂದಿರಿಬ್ಬರೂ ಬೆಳಗಿನಿಂದ ಸಂಜೆಯವರೆಗೆ ಒಂದೇ ಅಂಗಡಿಯಲ್ಲಿ ದುಡಿಯುತ್ತಿದ್ದರು, ಅವ್ವ ಬಡಿದ ರೊಟ್ಟಿಯನ್ನು ಒಂದೇ ಬುಟ್ಟಿಯಿಂದ ತೆಗೆದುಕೊಂಡು ತಿನ್ನುತ್ತಿದ್ದರು, ಸ್ನಾನವಾದ ಮೇಲೆ ಒಂದೇ ಡಬ್ಬಿಯ ವಿಭೂತಿ ಹಚ್ಚಿಕೊಳ್ಳುತ್ತಿದ್ದರು. ಮಾತು ಮಾತ್ರ ನನ್ನ ಮೂಲಕ ಹೋಗಬೇಕಿತ್ತು. ರಸ್ತೆಗೆ ತೆರೆದುಕೊಂಡ ಮುಂದಿನ ಕೋಣೆಯೇ ನಮ್ಮ ಸೈಕಲ್ ಅಂಗಡಿ. ಅದರೊಳಗಿನ ಗ್ಯಾಸ್ ಸಿಲಿಂಡರು, ಸಾಮಾನು ಬಿಗಿದು ಹಿಡಿಯುವ ವೈಸು, ಬೆಸುಗೆಯ ಕೆಲಸ ಅಪ್ಪನ ಪಾಲು. ಹೊರಗಿನ ಕಟ್ಟೆ, ನೀರಿನ ಬೋಗುಣಿ, ಪಂಕ್ಚರ್ ಕೆಲಸ ಕಾಕಾನ ಪಾಲು. ಕಟ್ಟೆಯ ಮೇಲೆ ಕೂತವನು ಕೈ ಚಾಚಿದರೆ ವೈಸಿನ ಮುಂದೆ ನಿಂತವನ ಅಂಗಿ ಸಿಗುವಷ್ಟು ಹತ್ತಿರ. ಆದರೂ ನಾನು ಶಾಲೆಯಿಂದ ಬರುವ ಹೊತ್ತಿಗೆ ನಾಲ್ಕಾರು ಮಾತು ಬಾಕಿ ನಿಂತಿರುತ್ತಿದ್ದವು. ಪಾಟೀಚೀಲ ಇಳಿಸುವ ಮೊದಲೇ ಅವನ್ನು ತಲುಪಿಸಬೇಕು.

"ಗಂಗೀ, ನಿಮ್ಮಪ್ಪಗ ಹೇಳು, ಮರಿಕಲ್ಲಿನವ್ರು ಫೋರ್ಕ್ ಕೇಳಾಕ ಬಂದಿದ್ರಂತ."

"ನಿಮ್ಮ ಕಾಕಾಗ ಹೇಳು, ಇನ್ನಾ ಆಗಿಲ್ಲ, ಸಂತಿ ದಿನ ಬರ್ರಿ ಅಂತ ಹೇಳಾಕ."

ಒಬ್ಬ ಹೇಳಿದ್ದು ಇನ್ನೊಬ್ಬನಿಗೆ ಸ್ಪಷ್ಟವಾಗಿ ಕೇಳಿಸಿರುತ್ತಿತ್ತು. ಆದರೂ ನಾನು ಮತ್ತೆ ಹೇಳುವವರೆಗೆ ಅವನು ತಲೆ ಎತ್ತುತ್ತಿರಲಿಲ್ಲ. ಹೇಳುವಾಗ ನಾನು ಮಾತಿನ ಮುಳ್ಳು ತೆಗೆದು ಹೇಳುವುದನ್ನೂ ಕಲಿತಿದ್ದೆ. "ಆ ಮನಷ್ಯಾಗ ಕಣ್ಣಿಲ್ಲೇನು?" ಎಂಬುದು ನನ್ನ ಬಾಯಿಂದ ಹೊರಬರುವಾಗ "ಅಪ್ಪಾ, ಒಮ್ಮಿ ನೋಡಬೇಕಂತ" ಎಂದು ಆಗಿರುತ್ತಿತ್ತು. ಊಟಕ್ಕೆ ಕೂತಾಗ ಇಬ್ಬರ ನಡುವೆ ಆಯಿ, ಅಂದರೆ ಅಪ್ಪನ ತಾಯಿ, ಗೋಡೆಯಂತೆ ಕೂರುತ್ತಿದ್ದಳು. ಅವಳ ಕಣ್ಣು ಮಂಜಾಗಿದ್ದವು. ಯಾರ ತಾಟಿನಲ್ಲಿ ಪುಂಡಿಪಲ್ಯ ಮುಗಿಯಿತು, ಯಾರು ರೊಟ್ಟಿ ಮುರಿಯುವುದನ್ನು ನಿಲ್ಲಿಸಿ ಸುಮ್ಮನೆ ಕೂತಿದ್ದಾರೆ ಎಂಬುದನ್ನು ಸಪ್ಪಳದಿಂದಲೇ ತಿಳಿಯುತ್ತಿದ್ದಳು. ಅಂಥ ಮೌನ ಬಂದಾಗ ಅವ್ವ ಬೇಕೆಂದೇ ಪಾತ್ರೆ ಸದ್ದು ಮಾಡುತ್ತಿದ್ದಳು. ನಮ್ಮ ಮನೆಯಲ್ಲಿ ಊಟದ ಹೊತ್ತಿಗೆ ಯಾರಿಗೂ ಹಸಿವು ಚೆನ್ನಾಗಿ ಆಗುತ್ತಿರಲಿಲ್ಲ ಎಂದು ಈಗ ಅನಿಸುತ್ತದೆ.

ಇದಕ್ಕೆಲ್ಲ ಕಾರಣವಾದ ವಸ್ತು ನಡುಮನೆಯ ಗೋಡೆಗೆ ನೇತುಬಿದ್ದಿತ್ತು. ಅದು ಕಾಕಾನ ರೇಸ್ ಸೈಕಲ್ಲಿನ ಫ್ರೇಮು. ಚಕ್ರವಿಲ್ಲ, ಸೀಟಿಲ್ಲ, ಬರೀ ಪೈಪುಗಳ ಅಸ್ಥಿಪಂಜರ. ಕುಂಕುಮದ ಬಣ್ಣ ಅಲ್ಲಲ್ಲಿ ಎದ್ದು, ಹ್ಯಾಂಡಲ್‌ನ ಕೆಳಗಿನಿಂದ ಪೆಡಲಿನವರೆಗೆ ಓರೆಯಾಗಿ ಇಳಿಯುವ ಪೈಪು ಮೇಲ್ತುದಿಯಲ್ಲಿ ಮುರಿದು ಬಾಯಿ ತೆರೆದಿತ್ತು. ನಮ್ಮ ಕಡೆ ಹೊಲಕ್ಕೆ ಹೋಗುವ, ಹಾಲಿನ ಕ್ಯಾನು ಹೊರುವ ಕರೀ ಸೈಕಲ್ಲಿಗೂ ಅದಕ್ಕೂ ಸಂಬಂಧವೇ ಇರಲಿಲ್ಲ. ಅಣೆಕಟ್ಟಿನ ಕೆಲಸಕ್ಕೆ ಬಂದಿದ್ದ ಯಾರೋ ಇಂಜಿನಿಯರು ಊರು ಬಿಡುವಾಗ ಕಾಕಾನಿಗೆ ಕೊಟ್ಟುಹೋಗಿದ್ದ ವಿಲಾಯತಿ ಸೈಕಲ್ಲು ಅದು. ಕಾಕಾ ಅದರ ಮೇಲೆ ಕೂತರೆ ಬಸ್ಸಿನವರು ಪಂದ್ಯ ಕಟ್ಟುತ್ತಿದ್ದರಂತೆ. ಒಮ್ಮೆ ಜೀಪೊಂದು ತಾಗಿ ಕೆಳಗಿನ ಪೈಪು ನೆಗ್ಗಿತು. ಕಾಕಾ ಹೈದರಾಬಾದಿಗೆ ಹೋಗಿ ಹೊಸ ಪೈಪು ತಂದ. ಅಪ್ಪ ಅದನ್ನು ಅಳತೆಗೆ ಕೊಯ್ದು, ಹಿತ್ತಾಳೆಯ ಬೆಸುಗೆ ಹಾಕಿ ಕೂಡಿಸಿದ. ಮುಂದೆ ಸ್ವಲ್ಪ ದಿನಕ್ಕೇ ಮಕ್ತಲ್ ಹತ್ತಿರದ ಇಳಿಜಾರಿನಲ್ಲಿ, ಕಾಕಾ ರೇಸಿನ ಮುಂಚೂಣಿಯಲ್ಲಿ ಇಳಿಯುತ್ತಿದ್ದಾಗ, ಆ ಪೈಪು ಮೇಲ್ತುದಿಯಲ್ಲಿ ಕತ್ತರಿಸಿಹೋಯಿತು. ಮುಂದಿನ ಹಲ್ಲು ಹೋದವು, ಎಡಗೈ ಮೊಣಕೈ ಹತ್ತಿರ ಮುರಿದು ಮತ್ತೆ ಪೂರ್ತಿ ಮಡಚಲಿಲ್ಲ. ಗದ್ವಾಲದ ಕಡೆ ಮಾತಾಗಿದ್ದ ಹೆಣ್ಣಿನವರು ಸುಮ್ಮನಾದರು. ಆಮೇಲೆ ಕಾಕಾ ಮದುವೆಯ ಮಾತೇ ಎತ್ತಗೊಡಲಿಲ್ಲ.

ಇದಿಷ್ಟು ಎಲ್ಲರೂ ಒಪ್ಪುವ ಕಥೆ. ಒಪ್ಪದಿದ್ದುದು ಒಂದೇ ಮಾತು, ಪೈಪಿನ ಯಾವ ತುದಿ ಕೊಯ್ಯಬೇಕೆಂದು ಕಾಕಾ ಹೇಳಿದ್ದನೋ ಇಲ್ಲವೋ. ಆ ಪೈಪು ಸಾದಾ ಪೈಪಲ್ಲ. ತೂಕ ಕಡಿಮೆ ಮಾಡಲು ಅದರ ನಡುಭಾಗದ ಉಕ್ಕನ್ನು ತೆಳ್ಳಗೆ ಎಳೆದಿರುತ್ತಾರೆ, ಬೆಸುಗೆ ಬೀಳುವ ಎರಡು ತುದಿಯಲ್ಲಿ ಮಾತ್ರ ದಪ್ಪ ಬಿಟ್ಟಿರುತ್ತಾರೆ. ಹೊರಗಿನಿಂದ ನೋಡಿದರೆ ಏನೂ ತಿಳಿಯದು, ಒಳಗಿನ ಗೋಡೆ ಮಾತ್ರ ಬೇರೆ. ಒಂದು ತುದಿಯ ದಪ್ಪ ಉದ್ದಕ್ಕೆ ಇರುತ್ತದೆ, ಇನ್ನೊಂದರದು ಗಿಡ್ಡ. ಅಳತೆಗೆ ಕೊಯ್ಯುವುದಾದರೆ ಉದ್ದನೆಯ ದಪ್ಪ ಇರುವ ತುದಿಯಲ್ಲೇ ಕೊಯ್ಯಬೇಕು. ಗಿಡ್ಡ ತುದಿಯಲ್ಲಿ ಕೊಯ್ದರೆ ದಪ್ಪವೆಲ್ಲ ಹೋಗಿ, ಬೆಸುಗೆ ತೆಳ್ಳನೆಯ ಉಕ್ಕಿನ ಮೇಲೆ ಬೀಳುತ್ತದೆ.

"ಯಾವ ತುದಿ ಕೊಯ್ಯಬೇಕಂತ ಅವಗ ಹೇಳಿದ್ನಿ," ಎನ್ನುತ್ತಿದ್ದ ಕಾಕಾ.

"ಏನೂ ಹೇಳಿಲ್ಲ. ಪೈಪ್ ತಂದು ಒಗದು ಹೋದ," ಎನ್ನುತ್ತಿದ್ದ ಅಪ್ಪ.

ಈ ಎರಡು ಮಾತನ್ನು ನಾನು ಎಷ್ಟು ಸಲ ಕೇಳಿದ್ದೆನೆಂದರೆ, ಅವು ನಮ್ಮ ಮನೆಯ ಎರಡು ಬಾಗಿಲು ಎನ್ನುವಷ್ಟು ರೂಢಿಯಾಗಿದ್ದವು. ವಿಚಿತ್ರವೆಂದರೆ ಆ ಮುರಿದ ಪೈಪಿನ ಒಳಗೆ ಇಬ್ಬರೂ ಇಣುಕಿ ನೋಡಿರಲಿಲ್ಲ. ಒಬ್ಬನಿಗೆ ನೋಡುವ ಅಗತ್ಯ ಕಂಡಿರಲಿಲ್ಲ, ಇನ್ನೊಬ್ಬನಿಗೆ ಧೈರ್ಯವಿರಲಿಲ್ಲ. ಆಯಿ ಅದನ್ನು ಗುಜರಿಗೆ ಹಾಕಗೊಡದೆ ಗೋಡೆಗೆ ಹಾಕಿಸಿದ್ದಳು. ಮಗನ ರಕ್ತ ಕಂಡ ಕಬ್ಬಿಣ ಪರರ ಮನೆ ಸೇರಬಾರದು ಎಂಬುದು ಅವಳ ವಾದ.

ನಾನು ಹೈಸ್ಕೂಲಿಗೆ ಬಂದ ಮೇಲೆ ಗೋಡೆಯ ಮೇಲಿದ್ದ ಆ ಜಗಳ ಕೆಳಗಿಳಿಯಿತು. ನಾನು ಅಂಗಡಿಯ ಕರೀ ಸೈಕಲ್ಲನ್ನು ಅಡ್ಡಪಟ್ಟಿಯ ಕೆಳಗೆ ಕಾಲು ತೂರಿಸಿ ಕಲಿತವಳು. ಕೊತ್ತಪಲ್ಲಿಯ ದಾರಿಯಲ್ಲಿ ಹುಡುಗರನ್ನು ಹಿಂದೆ ಹಾಕುತ್ತಿದ್ದೆ. ನಮ್ಮ ಡ್ರಿಲ್ ಟೀಚರು ಅದನ್ನು ನೋಡಿ, ಹುಡುಗಿಯರ ಸೈಕಲ್ ರೇಸಿನ ಆಯ್ಕೆ ಸ್ಪರ್ಧೆಗೆ ನನ್ನ ಹೆಸರು ಕೊಟ್ಟರು. ಮರಿಕಲ್‌ನಿಂದ ಮಕ್ತಲ್‌ವರೆಗೆ ಓಟ. ಗೆದ್ದವರು ರಾಜ್ಯದ ತಂಡಕ್ಕೆ. ದೊಡ್ಡ ಊರಿನ ಹುಡುಗಿಯರು ರೇಸ್ ಸೈಕಲ್ ತರುತ್ತಾರೆ, ನಿನ್ನ ಹಾಲಿನ ಸೈಕಲ್ಲು ನಡೆಯದು ಎಂದೂ ಅವರೇ ಹೇಳಿದರು. ಅದನ್ನು ನಾನು ಊಟದ ಹೊತ್ತಿನಲ್ಲಿ ಹೇಳಿದೆ. ಕಾಕಾ ಕೈತೊಳೆದು ಬಂದವನೇ, ಸ್ಟೂಲ್ ಹತ್ತಿ, ಮಡಚದ ಎಡಗೈಯನ್ನು ಗೋಡೆಗೆ ಒತ್ತಿಕೊಂಡು, ಬಲಗೈಯಿಂದ ಫ್ರೇಮನ್ನು ಮೊಳೆಯಿಂದ ಎತ್ತಿದ. ಸುಣ್ಣದ ಗೋಡೆಯ ಮೇಲೆ ಅದರ ಆಕಾರ ಬೆಳ್ಳಗೆ ಉಳಿಯಿತು.

"ಅದನ್ನ ಅಲ್ಲೇ ಹಾಕಂತ ಹೇಳು," ಎಂದ ಅಪ್ಪ ನನಗೆ. ಅವನ ಕೈಯಲ್ಲಿ ರೊಟ್ಟಿಯ ತುತ್ತು ಹಾಗೇ ಇತ್ತು.

"ಹೊಸ ಪೈಪ್ ಹಾಕಿದ್ರ ಇದು ಇನ್ನಾ ಓಡ್ತೈತಿ. ನನ್ನ ಮಗಳು ಹತ್ತತಾಳ ಇದರ ಮ್ಯಾಲ. ಹೇಳು ನಿಮ್ಮಪ್ಪಗ," ಎಂದ ಕಾಕಾ.

"ಯಾರ ಮಗಳು? ನಾ ಹಾಕಿದ ಬೆಸುಗಿ ಮ್ಯಾಲ ಮನಿಯಾಗಿನ ಇನ್ನೊಬ್ಬರು ಹತ್ತಂಗಿಲ್ಲ. ಆಗಂಗಿಲ್ಲಂದ್ರ ಆಗಂಗಿಲ್ಲ!"

ಅಪ್ಪ ಅಷ್ಟು ಜೋರಾಗಿ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಆಯಿ ಗಾಬರಿಯಿಂದ ಎರಡೂ ಕಡೆ ಕೈ ಚಾಚಿದಳು. ಕಾಕಾ ಫ್ರೇಮು ಹಿಡಿದುಕೊಂಡೇ ನಿಂತಿದ್ದ. ಅಪ್ಪ ತಾಟು ಸರಿಸಿ ಎದ್ದ. ಅಂಗಡಿಯ ಬಾಗಿಲಿಗೆ ಅವನು ಹೋಗುವ ಮೊದಲೇ ಅವ್ವ ದಾರಿಗೆ ಅಡ್ಡ ನಿಂತಳು. ಮಗ್ಗದವರಿಗೆ ನೂಲು ಸುತ್ತಿಕೊಡುವ ಕೆಲಸ ಅವಳದು. ಎಳೆ ತುಂಡಾದರೆ ಎಲ್ಲಿ ತುಂಡಾಯಿತು ಎಂದು ಹುಡುಕದೆ ಮುಂದೆ ಸುತ್ತಿದವಳಲ್ಲ.

"ನೋಡ್ರಿ, ನನಗ ಈ ಹುಡುಗಿ ರೇಸಿಗೆ ಹೋಗೋದ ಬ್ಯಾಡಾಗೇತಿ. ಆದ್ರ ಮೊದಲ ನೀವಿಬ್ರೂ ಆ ಪೈಪ್ ಕೊಯ್ದು ನೋಡ್ರಿ. ಯಾಕ ಮುರೀತು ಅಂತ ನನಗ ಗೊತ್ತಾಗಬೇಕು. ಈ ಮನಿಗೆ ಬಂದಾಗಿಂದ ಇದನ್ನ ಕೇಳಿ ಕೇಳಿ ಸಾಕಾಗೇತಿ."

ಮರುದಿನ ಮಧ್ಯಾಹ್ನ ಅಂಗಡಿ ಮುಚ್ಚಿ ಹಿತ್ತಲಿನಲ್ಲಿ ಆ ಕೆಲಸ ನಡೆಯಿತು. ಅಪ್ಪ ವೈಸನ್ನು ಬಿಚ್ಚಿ ತಂದು ಹಾಸುಗಲ್ಲಿಗೆ ಕೂರಿಸಿದ್ದ. ಅವನ ಹಣೆಯ ವಿಭೂತಿ ಬೆವರಿಗೆ ಕರಗಿ ಹುಬ್ಬಿಗೆ ಇಳಿದಿತ್ತು. ಗರಗಸ ಆಡುವಾಗ ಬರುವ ಕಿರ್ರೆಂಬ ಸದ್ದಿಗೆ ನಾನು ಹಲ್ಲು ಕಚ್ಚಿಕೊಂಡಿದ್ದೆ. ಮುರಿದ ತುದಿಯಿಂದ ಒಂದು ಬಳೆ, ನಡುವಿನಿಂದ ಒಂದು ಬಳೆ, ಪೆಡಲಿನ ಕಡೆಯ ತುದಿಯಿಂದ ಒಂದು ಬಳೆ. ಹೀಗೆ ಮೂರು ಉಕ್ಕಿನ ಬಳೆಗಳನ್ನು ಕೊಯ್ದು, ತುಕ್ಕು ಉಜ್ಜಿ, ಕಲ್ಲಿನ ಮೇಲೆ ಸಾಲಾಗಿ ಇಟ್ಟ. ಇಟ್ಟವನು ಮೇಲೆ ನೋಡಲಿಲ್ಲ. ಕಾಕಾನೂ ಹತ್ತಿರ ಬರಲಿಲ್ಲ. ಕೊನೆಗೆ ಆಯಿಯೇ ತಡಕಾಡಿ ಕಲ್ಲಿನ ಬಳಿ ಕೂತು, ಒಂದೊಂದೇ ಬಳೆಯನ್ನು ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಹಿಡಿದು, ಬಟ್ಟೆಯ ನೇಯ್ಗೆ ನೋಡುವಂತೆ ಒತ್ತಿ ನೋಡಿದಳು.

"ಇದು ದಪ್ಪ ಐತಿ," ಎಂದು ಪೆಡಲಿನ ಕಡೆಯದನ್ನು ಬೇರೆ ಇಟ್ಟಳು. "ಇವೆರಡೂ ಒಂದ ನಮೂನಿ ತೆಳ್ಳಗ ಅವ."

ಮುರಿದ ತುದಿಯೂ ನಡುವಿನದೂ ಒಂದೇ. ಮುರಿದ ತುದಿಯಲ್ಲಿ ಇರಬೇಕಾದ ದಪ್ಪ ಇರಲಿಲ್ಲ. ಅಂದರೆ ಕೊಯ್ದದ್ದು ತಪ್ಪು ತುದಿ. ನನಗೆ ಅದು ತಿಳಿದ ಕ್ಷಣಕ್ಕೇ ಅಪ್ಪನಿಗೂ ತಿಳಿದಿತ್ತು. ಅವನು ಗರಗಸವನ್ನು ಮೆಲ್ಲಗೆ ನೆಲಕ್ಕಿಟ್ಟು, ಎರಡೂ ಕೈಯನ್ನು ತೊಡೆಯ ಮೇಲೆ ಒತ್ತಿಕೊಂಡು ಕೂತ.

"ನಾನ ಕೊಯ್ದೀನಿ," ಎಂದ. "ಈ ಕೈಯಿಂದ. ಹೌದು. ನಾನ."

ಕಾಕಾ ಇದಕ್ಕೇ ಇಷ್ಟು ವರ್ಷ ಕಾದಿದ್ದ ಎಂದು ನಾವೆಲ್ಲ ಅಂದುಕೊಂಡಿದ್ದೆವು. ಅವನು ಗೆದ್ದಂತೆ ಕಾಣಲಿಲ್ಲ. ಬಾವಿಕಟ್ಟೆಗೆ ಒರಗಿ, ಮಡಚದ ಕೈಯನ್ನು ಇನ್ನೊಂದು ಕೈಯಲ್ಲಿ ಹಿಡಿದು, ಬಹಳ ಹೊತ್ತು ಆ ಬಳೆಗಳನ್ನೇ ನೋಡಿದ. ಆಮೇಲೆ ಅವ್ವನ ಕಡೆ ತಿರುಗಿ ಹೇಳಿದ.

"ಅತ್ತಿಗೀ, ಯಾವ ತುದಿ ಕೊಯ್ಯಬೇಕಂತ ಹೈದರಾಬಾದಿನ ಅಂಗಡಿಯವ ನನಗ ಹೇಳಿದ್ದು ಖರೆ. ನಾ ಬಂದು ಅಣ್ಣಗ ಹೇಳಿದ್ನಿ ಅಂತ ಅಂದಕೊಂತನ ಬಂದೀನಿ. ಆದ್ರ ಆ ದಿವಸ ಬಸ್ಸಿಳಿದು ಪೈಪ್ ಇಲ್ಲಿಟ್ಟು, ಗೆಳೆಯರು ಕರದ್ರು ಅಂತ ಹಂಗ ಓಡಿಹೋದೆ. ಹೇಳಿದ್ನೋ, ಹೇಳಬೇಕು ಅಂದಕೊಂಡಿದ್ನೋ, ಈಗ ದೇವರ ಆಣಿ ಗೊತ್ತಾಗವಲ್ದು."

ಯಾರೂ ಅಳಲಿಲ್ಲ, ಯಾರೂ ಯಾರನ್ನೂ ಅಪ್ಪಿಕೊಳ್ಳಲಿಲ್ಲ. ಅವ್ವ ಬಳೆಗಳನ್ನು ಎತ್ತಿ ಸೆರಗಿನಲ್ಲಿ ಹಾಕಿಕೊಂಡು ಒಳಗೆ ಹೋದಳು. ಅಂದಿನ ಸಂಜೆಯ ಊಟ ಹಿಂದಿಗಿಂತ ಕಷ್ಟವಾಗಿತ್ತು. ಮೊದಲು ಇಬ್ಬರ ಬಳಿ ಒಂದೊಂದು ಸಿಟ್ಟಾದರೂ ಇತ್ತು, ಈಗ ಅದೂ ಇಲ್ಲದೆ ಇಬ್ಬರಿಗೂ ಎಲ್ಲಿ ನೋಡಬೇಕು ತಿಳಿಯುತ್ತಿರಲಿಲ್ಲ. ಈಗ, ಎಷ್ಟೋ ವರ್ಷಗಳ ಮೇಲೆ, ನಾನು ಗದ್ವಾಲದ ಒಂದು ಹೆಣ್ಣುಮಕ್ಕಳ ಶಾಲೆಯಲ್ಲಿ ಆಟ ಕಲಿಸುತ್ತೇನೆ. ಯಾವ ಹುಡುಗಿಗೆ ಏನು ಹೇಳಿದರೂ "ನಾ ಏನ್ ಹೇಳ್ದೆ? ಹೇಳು" ಎಂದು ಕೇಳದೆ ಬಿಡುವುದಿಲ್ಲ. ಅವರು ನನ್ನ ಬೆನ್ನ ಹಿಂದೆ ಅದನ್ನೇ ಅಣಕಿಸಿ ನಗುತ್ತಾರೆ. ಆ ಹಿತ್ತಲಿನ ಮಧ್ಯಾಹ್ನ ಅವರಿಗೆ ಗೊತ್ತಿಲ್ಲ.

ಎರಡು ದಿನ ಕಳೆದ ಮೇಲೆ ಅಪ್ಪ ನನಗೆ, ಹೊಸ ಪೈಪು ನೋಡಲು ಗದ್ವಾಲಕ್ಕೆ ಹೋಗೋಣ, ನಿಮ್ಮ ಕಾಕಾಗೂ ಹೇಳು, ಎಂದ. ಅಷ್ಟೇ. ಮೂವರೂ ಮಕ್ತಲ್ ಮೇಲೆ ಹಾಯ್ದು ಬಸ್ಸಿನಲ್ಲಿ ಹೋದೆವು. ಬಸ್ಸು ಆ ಇಳಿಜಾರಿಗೆ ಬಂದಾಗ ಕಾಕಾ ಕಿಟಕಿಯ ಕಡೆ, ಅಪ್ಪ ಮುಂದಿನ ಸೀಟಿನ ಕಂಬಿಯ ಕಡೆ ನೋಡಿದ. ಗದ್ವಾಲದ ಕೋಟೆಯ ಹಿಂದಿನ ಓಣಿಯಲ್ಲಿ ಮಹಬೂಬ್ ಸಾಹೇಬರ ಹಳೇ ಸಾಮಾನಿನ ಅಂಗಡಿ. ಹೈದರಾಬಾದಿನಲ್ಲಿ ಮುಚ್ಚಿಹೋದ ಒಂದು ಸೈಕಲ್ ಅಂಗಡಿಯ ಸರಕನ್ನು ಅವರು ಒಟ್ಟಿಗೆ ತಂದು ಹಾಕಿಕೊಂಡಿದ್ದರು. ಕಾಕಾ ಹಿಂದೆ ಪೈಪು ತಂದಿದ್ದು ಹೈದರಾಬಾದಿನ ಆ ಅಂಗಡಿಯಿಂದಲೇ. ಎಣ್ಣೆ ಹಿಡಿದ ಕಂದು ಕಾಗದ ಬಿಚ್ಚಿ ಎರಡು ಪೈಪು ಹೊರಗಿಟ್ಟರು. ಒಂದು ಉದ್ದಕ್ಕೂ ಒಂದೇ ದಪ್ಪದ ಸಾದಾ ಉಕ್ಕು. ಇನ್ನೊಂದು ತುದಿ ದಪ್ಪ, ನಡು ತೆಳ್ಳಗಿನದು.

ಅಪ್ಪ ಸಾದಾ ಪೈಪನ್ನು ಎತ್ತಿಕೊಂಡು ಬೆರಳಿನಿಂದ ಹೊಡೆದ. ಮೊಂಡ ಸದ್ದು ಬಂತು. "ಇದು ಸಾಕು. ಎಲ್ಲಿ ಕೊಯ್ದರೂ ಮೋಸ ಇಲ್ಲ," ಎಂದ ನನಗೆ.

ಕಾಕಾ ಇನ್ನೊಂದನ್ನು ಹೊಡೆದ. ಗಂಟೆಯ ಹಾಗೆ ಸದ್ದು ಎಳೆಯಿತು. "ಆ ಪೈಪ್ ಹಾಕಿದ್ರ ರೇಸ್ ಸೈಕಲ್ ಆಗಂಗಿಲ್ಲ, ಹಾಲಿನ ಸೈಕಲ್ ಆಗ್ತೈತಿ. ಹಿಂದ ಮುಂದ ಎಲ್ಲಾ ಹಗೂರ, ನಡುವ ಒಂದು ಹೊರಸು ಮಂಚದ ಕಾಲು. ಏರಿನ್ಯಾಗ ಹುಡುಗಿ ಕಾಲು ಸಾಯ್ತಾವ. ನಿಮ್ಮಪ್ಪಗ ಹೇಳು."

"ಸತ್ತ ಕಾಲು ಮರುದಿನ ಎದ್ದು ಕೂಡತಾವ ಅಂತ ಹೇಳು."

ಮಹಬೂಬ್ ಸಾಹೇಬರು ಒಮ್ಮೆ ಅವನನ್ನು, ಒಮ್ಮೆ ಇವನನ್ನು, ಆಮೇಲೆ ನನ್ನನ್ನು ನೋಡಿದರು. "ಅರೇ ಬೇಟಿ, ಇವ್ರಿಬ್ರಿಗೂ ಕಿವಿ ಇಲ್ಲೇನು?" ಎಂದರು. ನನಗೆ ನಾಚಿಕೆಯಾಯಿತು. ಕಾಕಾ ಅದನ್ನು ಕೇಳಿಸಿಕೊಳ್ಳದವನಂತೆ, ಅಂಗಡಿಯಿಂದ ಒಂದು ನೂಲು ಇಸಿದುಕೊಂಡು ತೆಳ್ಳನೆಯ ಪೈಪಿನ ನಟ್ಟನಡುವೆ ಕಟ್ಟಿ ತೂಗುಬಿಟ್ಟ. ಅದು ಒಂದು ಕಡೆಗೆ ಸ್ವಲ್ಪ ವಾಲಿತು. ವಾಲಿದ ಕಡೆ ಉಕ್ಕು ಹೆಚ್ಚಿದೆ, ಅದೇ ಉದ್ದ ದಪ್ಪದ ತುದಿ ಎಂದು ನನಗೆ ತೋರಿಸಿದ. ಅಪ್ಪ ದೂರದಿಂದಲೇ ಕತ್ತು ಚಾಚಿ ನೋಡುತ್ತಿದ್ದ.

"ಗಂಗೀ, ಕೇಳು ಅವಗ. ಹಂಗಾದ್ರ ಕೊಯ್ಯೋದು ಯಾವ ತುದಿ?"

ನಾನು ಬಾಯಿ ತೆರೆದೆ. ಅಷ್ಟು ವರ್ಷ ಫೋರ್ಕು, ಟಯರು, ಉಪ್ಪು, ಸಿಟ್ಟು, ಎಲ್ಲವನ್ನೂ ಹೊತ್ತು ತಿರುಗಿದವಳಿಗೆ ಈ ಒಂದು ಮಾತು ಎತ್ತಲಾರದಷ್ಟು ಭಾರವೆನಿಸಿತು. ನಾನು ಒಂದು ಅಕ್ಷರ ತಪ್ಪಿದರೆ? ಕಾಕಾ ಒಂದು ತುದಿಗೆ ತಲೆಯಾಡಿಸಿದ್ದನ್ನು ಅಪ್ಪ ಇನ್ನೊಂದಕ್ಕೆ ಎಂದು ತಿಳಿದರೆ?

"ನೀನ ಕೇಳು ಅಪ್ಪಾ," ಎಂದೆ. "ಇದನ್ನ ನಾ ಹೇಳಂಗಿಲ್ಲ."

"ಏನಂದಿ?"

"ಈ ಮಾತು ನಾ ಹೊರಂಗಿಲ್ಲ. ಅಂವ ಅಲ್ಲೇ ನಿಂತಾನ. ನೀನ ಕೇಳು. ಇಲ್ಲಂದ್ರ ನನಗ ಸೈಕಲ್ಲೂ ಬ್ಯಾಡ, ರೇಸೂ ಬ್ಯಾಡ."

ಅಪ್ಪ ನನ್ನನ್ನು ಹೊಡೆಯುತ್ತಾನೆ ಎಂದುಕೊಂಡೆ. ಹೊರಗೆ ಓಣಿಯಲ್ಲಿ ಗದ್ವಾಲ ಸೀರೆಯ ಗಂಟು ಹೊತ್ತ ಹೆಂಗಸೊಬ್ಬಳು ಹೋಗುವುದನ್ನು ಅವನು ನೋಡಿದ. ಆಮೇಲೆ ಪೈಪಿನ ಕಡೆಗೆ ತಿರುಗಿ ಕೇಳಿದ.

"ಶಿವೂ, ಯಾವ ತುದಿ ಕೊಯ್ಯಬೇಕು?"

"ಈ ತುದಿ ಅಣ್ಣಾ. ವಾಲಿದ್ದು. ಇದನ್ನಷ್ಟ ಕೊಯ್ಯಬೇಕು. ಅದನ್ನ ಮುಟ್ಟಬ್ಯಾಡ."

"ವಾಲಿದ್ದು ಕೊಯ್ಯಬೇಕು. ಆ ಕಡೀದು ಮುಟ್ಟಬಾರದು."

"ಹೌದು."

ಕಾಕಾ, ಮಹಬೂಬ್ ಸಾಹೇಬರಿಂದ ಕೆಂಪು ಬಣ್ಣ ಕೇಳಿ, ಕೊಯ್ಯುವ ತುದಿಗೆ ಹಚ್ಚಿದ. ಆದರೂ ಪೈಪಿನ ಆಯ್ಕೆ ಅಲ್ಲಿಗೆ ಮುಗಿಯಲಿಲ್ಲ. ಅಪ್ಪ ಎರಡೂ ಪೈಪು ತೆಗೆದುಕೊಂಡ. ಬೆಸುಗೆಯ ಪರೀಕ್ಷೆಗೆಂದು ಎರಡೂ ಜಾತಿಯ ಹಳೇ ತುಂಡುಗಳನ್ನೂ ಆರಿಸಿಕೊಂಡ. ತುದಿ ಸರಿಯಾಗಿ ಕೊಯ್ದರೂ, ತೆಳ್ಳನೆಯ ಉಕ್ಕಿಗೆ ಗ್ಯಾಸಿನ ಉರಿ ಒಂದಿಷ್ಟು ಹೆಚ್ಚಾದರೆ ಅದು ಸುಟ್ಟು ಬಿಸ್ಕತ್ತಿನಂತಾಗುತ್ತದೆ. ಕಾಕಾ ಬಿದ್ದ ಮೇಲೆ ಅಪ್ಪ ಅಂಥ ಉಕ್ಕಿಗೆ ಉರಿ ಹಿಡಿದಿರಲೇ ಇಲ್ಲ. ಮನೆಗೆ ಬಂದು ಪರೀಕ್ಷೆಗೆ ಕೂತಾಗ ಕಾಕಾ ತುಂಡು ಹಿಡಿದ, ಅಪ್ಪ ಹಿತ್ತಾಳೆ ಹಿಡಿಯಲೆಂದು ಬಿಳಿಗಾರದ ಪುಡಿ ಸವರಿ ಉರಿ ಕೊಟ್ಟ. ಮೊದಲ ಜೋಡಣೆಯನ್ನು ವೈಸಿಗೆ ಬಿಗಿದು ಸಲಾಕೆಯಿಂದ ಎಳೆದರೆ ಬೆಸುಗೆಯ ಪಕ್ಕದಲ್ಲೇ ಟಕ್ಕೆಂದು ಮುರಿಯಿತು. ಆ ಸದ್ದಿಗೆ ಕಾಕಾ ತನಗರಿವಿಲ್ಲದೆ ಮೊಣಕೈ ಮುಚ್ಚಿಕೊಂಡ. ಅಪ್ಪ ಉರಿ ಆರಿಸಿ ಒಳಗೆ ಹೋಗಿ ನೀರು ಕುಡಿದು ಬಂದ. ಮತ್ತೆ ಕೂತ.

"ಉರಿ ಹಿಂದಕ ತಗೀ ಅಣ್ಣಾ. ಕೆಂಪಾಗೂ ಮೊದಲ ತಗೀ. ನಾ ಅಂತೀನಿ, ಆಗ ತಗೀ."

"ಹೂಂ. ನೀ ಅನ್ನು."

ಹೀಗೆ ಸುಡುವುದೂ ಮುರಿಯುವುದೂ ಕೆಲವು ಮಧ್ಯಾಹ್ನ ನಡೆಯಿತು. ಒಂದು ದಿನ ಸಲಾಕೆಗೆ ಇಬ್ಬರೂ ಜೋತುಬಿದ್ದು ಎಳೆದರೂ ಬೆಸುಗೆ ಬಿಡಲಿಲ್ಲ. ಪೈಪೇ ನಡುವೆ ಬಾಗಿತು, ಬೆಸೆದ ಜಾಗ ಹಾಗೇ ಉಳಿಯಿತು. ಅಪ್ಪ ಅದನ್ನು ನೀರಿಗದ್ದಿ ತಣಿಸಿ, ತಿರುಗಿಸಿ ತಿರುಗಿಸಿ ನೋಡಿ, ನನ್ನನ್ನು ಕರೆದ. ವೈಸಿನ ಪಕ್ಕ ಎರಡೂ ಹೊಸ ಪೈಪು ಇದ್ದವು.

"ಹತ್ತೋಕಿ ನೀನು. ಯಾವುದು ಹಾಕಲಿ?"

ಅವ್ವ ಬಾಗಿಲಲ್ಲಿ ನಿಂತಿದ್ದಳು. ಅವಳ ಕಣ್ಣು ಸಾದಾ ಪೈಪಿನ ಮೇಲಿತ್ತು. ನನಗೆ ಭಯವಿರಲಿಲ್ಲ ಎಂದರೆ ಸುಳ್ಳು. ಕಾಕಾನ ಬಾಯಿಯ ಹೊಲಿಗೆಯ ಗುರುತು ನೋಡುತ್ತಲೇ ಬೆಳೆದವಳು ನಾನು. ಆದರೆ ಅಪ್ಪನ ಕೈ ಬೆರಳ ತುದಿಯೆಲ್ಲ ಬೊಬ್ಬೆ ಎದ್ದಿದ್ದವು, ಅವನು ಅವನ್ನು ಬಚ್ಚಿಟ್ಟುಕೊಳ್ಳುತ್ತಲೂ ಇರಲಿಲ್ಲ. ನಾನು ದಪ್ಪನೆಯದನ್ನು ಬೇಡಿದರೆ ಅವನು ನಿಟ್ಟುಸಿರು ಬಿಟ್ಟು ಅದನ್ನೇ ಹಾಕುತ್ತಿದ್ದ. ಆಮೇಲೆ ಸಾಯುವವರೆಗೆ ತನ್ನ ಕೈಯನ್ನು ತಾನು ನಂಬುತ್ತಿರಲಿಲ್ಲ ಎಂದು ನನಗೆ ಆಗಲೇ, ಅಷ್ಟು ಚಿಕ್ಕವಳಿಗೇ, ಹೇಗೋ ಗೊತ್ತಾಯಿತು.

"ತೆಳ್ಳಂದು," ಎಂದೆ. "ನಿನ್ನ ಬೆಸುಗಿ ಬಿಡಲಿಲ್ಲಲ್ಲ."

"ನನ್ನ ಕೇಳಲಿಲ್ಲಲ್ಲ ಯಾರೂ!" ಎಂದಳು ಅವ್ವ. "ಹೆಣ್ಣುಡುಗಿ ಹಲ್ಲು, ಕಣ್ಣು, ಕೈಕಾಲು ಇಟ್ಟು ನಿಮ್ಮ ಕೈಗೆ ಪರೀಕ್ಷಾ ಮಾಡ್ತೀರಿ? ನಾ ನೋಡಾಕ ಬರಂಗಿಲ್ಲ. ಏನರ ಆತಂದ್ರ ನನ್ನ ಮುಂದ ಬರಬ್ಯಾಡ್ರಿ ಇಬ್ರೂ." ಹೇಳಿ, ಒಳಗೆ ಹೋಗಿ ನೂಲು ಸುತ್ತತೊಡಗಿದಳು. ರಾಟೆಯ ವೇಗದಿಂದಲೇ ಅವಳ ಸಿಟ್ಟು ತಿಳಿಯುತ್ತಿತ್ತು. ರೇಸಿನ ದಿನದವರೆಗೂ ಅವಳು ಅಪ್ಪನ ತಾಟಿಗೆ ಎರಡನೆಯ ಸಲ ಬಡಿಸಲಿಲ್ಲ.

ಅಪ್ಪ ಕೆಂಪು ಹಚ್ಚಿದ ತುದಿಯನ್ನು ಕೊಯ್ದು ಪೈಪನ್ನು ಫ್ರೇಮಿಗೆ ಬೆಸೆದ, ಕಾಕಾ ಎತ್ತಿಟ್ಟಿದ್ದ ಹಳೇ ಚಕ್ರ, ಸೀಟು ಕೂಡಿಸಿದ. ರೇಸಿನ ಬೆಳಿಗ್ಗೆ ಮರಿಕಲ್ಲಿನಲ್ಲಿ ನಾವು ಹುಡುಗಿಯರು ಸಾಲಾಗಿ ನಿಂತೆವು. ಅಪ್ಪ ಯಾರದೋ ಮೊಪೆಡ್ ಕೇಳಿ ತಂದಿದ್ದ, ಹಿಂದೆ ಕಾಕಾ ಕೂತಿದ್ದ. ಬಿಟ್ಟ ಕೂಡಲೇ ತಿಳಿಯಿತು, ಇದು ನಾನು ತುಳಿದು ಬೆಳೆದ ಸೈಕಲ್ಲಲ್ಲ. ಪೆಡಲಿಗೆ ಕೊಟ್ಟ ಬಲವೆಲ್ಲ ರಸ್ತೆಗೆ ಹೋಗುತ್ತಿತ್ತು. ಏರಿನಲ್ಲಿ ಒಬ್ಬೊಬ್ಬರನ್ನೇ ದಾಟಿದೆ. ಕೈಯಲ್ಲಿ ಮಾತ್ರ ಒಂದು ಕಿವಿ ಇಟ್ಟುಕೊಂಡಿದ್ದೆ. ಕೆಳಗಿನ ಪೈಪಿನಿಂದ ಏನಾದರೂ ಸಣ್ಣ ಕಿರುಗುಟ್ಟುವ ಸದ್ದು ಬರುತ್ತದೆಯೇ ಎಂದು ಹ್ಯಾಂಡಲ್ ಹಿಡಿದ ಅಂಗೈ ಸದಾ ಕೇಳುತ್ತಿತ್ತು. ಮಕ್ತಲ್ ಇಳಿಜಾರು ಬಂದಾಗ ನನ್ನ ಮುಂದೆ ಕೆಲವೇ ಜನರಿದ್ದರು. ಬ್ರೇಕು ಹಿಡಿಯಬೇಕೆಂದು ಮೈಯೆಲ್ಲ ಕೂಗುತ್ತಿತ್ತು. ಹಿಡಿಯಲಿಲ್ಲ. ಇಳಿದೆ. ಗಾಳಿ ಕಣ್ಣಲ್ಲಿ ನೀರು ತರಿಸಿತು. ಪೈಪು ಸುಮ್ಮನಿತ್ತು. ಇಳಿಜಾರಿನ ಬುಡಕ್ಕೆ ಬಂದೆ, ಬೇವಿನ ಮರದ ಕೆಳಗೆ ಯಾರೋ ಹೆಂಗಸು ನಿಂತಿದ್ದು ಕಂಡಿತು. ಆ ತಿರುವಿನಲ್ಲಿ ರಸ್ತೆ ರಿಪೇರಿಗೆಂದು ಸುರಿದ ಸಣ್ಣ ಜಲ್ಲಿ ಹರಡಿತ್ತು. ಮುಂದಿನ ಚಕ್ರ ಜಾರಿ ನಾನು ಪಕ್ಕಕ್ಕೆ ಬಿದ್ದೆ. ಸೈಕಲ್ಲು ಉರುಳುತ್ತ ದೂರ ಹೋಗಿ ಬಿತ್ತು.

ಮೊಪೆಡ್ ನಿಂತ ಸದ್ದು, ಓಡಿ ಬರುವ ಚಪ್ಪಲಿಯ ಸದ್ದು. ಅಪ್ಪ ನನ್ನ ಪಕ್ಕದಲ್ಲೇ ಓಡಿದ. ನಿಲ್ಲಲಿಲ್ಲ. ನನ್ನನ್ನು ದಾಟಿ ಹೋಗಿ, ಸೈಕಲ್ಲಿನ ಮುಂದೆ ಮಂಡಿಯೂರಿ, ಕೆಳಗಿನ ಪೈಪಿನ ಮೇಲ್ತುದಿಯನ್ನು ಎರಡೂ ಕೈಯಲ್ಲಿ ಹಿಡಿದು, ಬೆಸುಗೆಯ ಸುತ್ತ ಹೆಬ್ಬೆರಳು ಆಡಿಸಿ ನೋಡತೊಡಗಿದ. ನನ್ನ ತಲೆ ಎತ್ತಿ ತೊಡೆಯ ಮೇಲೆ ಇಟ್ಟುಕೊಂಡವನು ಕಾಕಾ. ಹಲ್ಲು ನೋಡಿದ, ಕೈ ಮಡಚಿ ನೋಡಿದ, ಮತ್ತೆ ಹಲ್ಲು ನೋಡಿದ. ಅಷ್ಟರಲ್ಲಿ ಮರದ ಕೆಳಗಿದ್ದ ಹೆಂಗಸು ಹತ್ತಿರ ಬಂದಿದ್ದಳು. ಅವಳು ಅವ್ವ. ನಾವು ಹೊರಟ ಮೇಲೆ ಬಸ್ಸು ಹತ್ತಿ ಬಂದು, ಬೇರೆಲ್ಲೂ ನಿಲ್ಲದೆ, ಕಾಕಾ ಬಿದ್ದ ಜಾಗದಲ್ಲೇ ನಿಂತುಕೊಂಡಿದ್ದಳು.

"ಮಗಳು ಇಲ್ಲಿ ಬಿದ್ದಾಳ್ರೀ! ಅಲ್ಲೇನ್ ನೋಡ್ತೀರಿ?"

ಅಪ್ಪ ಬೆಸುಗೆಯಿಂದ ಕಣ್ಣು ತೆಗೆಯಲಿಲ್ಲ. ಮೊಣಕಾಲಿನ ಚರ್ಮ ಕಿತ್ತು ರಕ್ತ ಬರುತ್ತಿತ್ತು, ಮತ್ತೇನೂ ಆಗಿರಲಿಲ್ಲ. ನಾನು ಎದ್ದೆ. ತಿರುಗಿದ್ದ ಹ್ಯಾಂಡಲನ್ನು ಕಾಕಾ ಚಕ್ರಕ್ಕೆ ತೊಡೆ ಕೊಟ್ಟು ಸರಿ ಮಾಡಿದ. ಅವ್ವ ತಡೆಯುವ ಮೊದಲೇ ನಾನು ಹತ್ತಿ ತುಳಿದೆ. ಮಕ್ತಲ್ ಮುಟ್ಟುವ ಹೊತ್ತಿಗೆ ನಾನು ದಾಟಿದವರೆಲ್ಲ ಮತ್ತೆ ನನ್ನನ್ನು ದಾಟಿದ್ದರು. ತಂಡಕ್ಕೆ ನನ್ನ ಹೆಸರು ಬರಲಿಲ್ಲ. ಡ್ರಿಲ್ ಟೀಚರು ಬೆನ್ನು ತಟ್ಟಿದರು. ಬಸ್ಸಿನಲ್ಲಿ ಅವ್ವ ನನ್ನನ್ನು ತನಗೆ ಒರಗಿಸಿಕೊಂಡು ಕೂತಿದ್ದಳು.

ಮನೆಗೆ ಬಂದು ಅವ್ವ ಬಿಸಿನೀರಿಗೆ ಅರಿಸಿನ ಹಾಕಿ, ನನ್ನನ್ನು ಹಿತ್ತಲ ಮೆಟ್ಟಿಲ ಮೇಲೆ ಕೂರಿಸಿ ಗಾಯ ತೊಳೆಯತೊಡಗಿದಳು. ಅಪ್ಪ ಸೈಕಲ್ಲನ್ನು ಒಳಗಿಟ್ಟು ಬಂದು ಬಾಗಿಲಲ್ಲಿ ನಿಂತ. ಅವ್ವ ತಿರುಗಿ ನೋಡಲಿಲ್ಲ.

"ಕಬ್ಬಿಣ ನೋಡಿದ್ರಿ ಮೊದಲ," ಎಂದಳು. "ನಾ ಕಣ್ಣಿಂದ ನೋಡೀನಿ. ಮಗಳನ್ನ ದಾಟಿ ಹೋದ್ರಿ."

ಅಪ್ಪ ಅವಳಿಗಲ್ಲ, ನನಗೆ ಹೇಳಿದ.

"ಅದು ಮುರಿದಿದ್ರ ನಿನ್ನ ಹತ್ರ ಬರೋ ಮುಖ ನನಗ ಇರ್ತಿದ್ದಿಲ್ಲ ಗಂಗೀ. ಗಟ್ಟಿ ಐತಿ ಅಂತ ಕೈಗೆ ಹತ್ತಿದ ಮ್ಯಾಲ ನಿನ್ನ ನೋಡಾಕ ಧೈರ್ಯ ಬಂತು. ಅಷ್ಟರಾಗ ನೀ ಹತ್ತಿ ಹೋಗಿದ್ದಿ."

ಅವ್ವನ ಕೈ ನಿಂತಿತು. ಅವಳು ಕರಗಿದಳೆಂದು ನಾನು ಹೇಳಲಾರೆ. "ಇನ್ನೊಮ್ಮಿ ಬಿದ್ರ ಮೊದಲ ಅಕಿ ಮುಖ ನೋಡ್ರಿ. ಪೈಪ್ ಎಲ್ಲಿಗೂ ಓಡಿಹೋಗಂಗಿಲ್ಲ," ಎಂದಳು. ಒದ್ದೆ ಬಟ್ಟೆಯನ್ನು ಬೋಗುಣಿಯ ಅಂಚಿಗೆ ಹಾಕಿ ಎದ್ದು ಒಳಗೆ ಹೋದಳು. ಅಪ್ಪ ಅವಳಿದ್ದ ಜಾಗದಲ್ಲಿ ಕೂತು, ಬಟ್ಟೆ ಹಿಂಡಿ, ಬೊಬ್ಬೆ ಎದ್ದ ಬೆರಳಿನಿಂದ ನನ್ನ ಮೊಣಕಾಲು ಒರೆಸಿದ. ಗಾಯ ನೋಡುವ ಬದಲು ನನ್ನ ಮುಖವನ್ನೇ ನೋಡುತ್ತಿದ್ದುದರಿಂದ ಬಟ್ಟೆ ಎಲ್ಲೆಲ್ಲೋ ತಾಗುತ್ತಿತ್ತು.

"ಉರೀತೈತೇನು?" ಎಂದು ಕೇಳಿದ.

"ಉರೀತೈತಿ," ಎಂದೆ.

ಅವನು ಬಗ್ಗಿ, ಮೆಲ್ಲಗೆ ಊದಿದ.